ಅಮೆರಿಕದ ಕೌಂಟಿ ಕೋರ್ಟಿನಿಂದ ಡಿವೋರ್ಸ್ ತೀರ್ಪಿನ ಸರ್ಟಿಫೈಡ್ ಕಾಪಿ: ಬೆಂಗಳೂರಲ್ಲಿ ಕೂತು ತರಿಸುವುದು ಹೇಗೆ?

ಹಾಸನದವಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

2015ರಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ) ನನ್ನ ಡಿವೋರ್ಸ್ ಆಯಿತು. ಇಬ್ಬರೂ ಒಪ್ಪಿಯೇ ಆದದ್ದು. 2018ಕ್ಕೆ ಕೆಲಸ ಬಿಟ್ಟು ಬೆಂಗಳೂರಿಗೆ ವಾಪಸ್ ಬಂದೆ. ಈಗ ಮತ್ತೆ ಮದುವೆ ಆಗುತ್ತಿದ್ದೇನೆ. ಹುಡುಗ ಮಂಗಳೂರು ಕಡೆಯ ಕ್ರಿಶ್ಚಿಯನ್, ಹಾಗಾಗಿ ಸ್ಪೆಷಲ್ ಮ್ಯಾರೇಜ್ ಆಕ್ಟ್ ಕೆಳಗೆ ಮಾಡಿಕೊಳ್ಳೋಣ ಅಂತ.

ಒಂದು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋದೆವು. ನನ್ನ ಹತ್ತಿರ ಇರುವುದು ಅಲ್ಲಿನ ಲಾಯರ್ ಈಮೇಲ್ ಮಾಡಿದ್ದ ಪಿಡಿಎಫ್, ಅದರ ಪ್ರಿಂಟ್. ಮೊದಲ ಪುಟದ ಸೀಲು ಇರುವೆ ಸಾಲಿನ ಹಾಗೆ ಕಾಣುತ್ತದೆ. ಕೇಸ್ ನಂಬರ್‌ನ ಕೊನೆಯ ಎರಡು ಅಂಕಿ ಕಾಣುವುದೇ ಇಲ್ಲ. ಗುಮಾಸ್ತರು ಬೆಳಕಿಗೆ ಹಿಡಿದು ನೋಡಿ, "ಇದು ಜೆರಾಕ್ಸ್ ಅಲ್ವಾ ಮೇಡಂ, ಕೋರ್ಟಿನ ಸೀಲ್ ಇರೋದು ತನ್ನಿ" ಅಂದು ವಾಪಸ್ ಕೊಟ್ಟರು. ಆ ಲಾಯರ್ ಈಗ ಪ್ರಾಕ್ಟೀಸ್ ಬಿಟ್ಟಿದ್ದಾರೆ.

ಗೂಗಲ್ ಮಾಡಿದರೆ "ಐದು ನಿಮಿಷದಲ್ಲಿ ಡಿವೋರ್ಸ್ ರೆಕಾರ್ಡ್" ಅನ್ನುವ ಸೈಟುಗಳೇ ಬರುತ್ತವೆ. ಕಾರ್ಡ್ ನಂಬರ್ ಕೇಳುತ್ತವೆ. ಕೊಡಬಹುದಾ? ಇದಕ್ಕಾಗಿ ನಾನೇ ಅಮೆರಿಕಕ್ಕೆ ಹೋಗಬೇಕಾ? ಇನ್ನೊಂದು ವಿಷಯ, ಮೊದಲ ಮದುವೆ ಮುರಿದದ್ದು ನಮ್ಮ ಕಡೆ ಎಷ್ಟೋ ಜನಕ್ಕೆ ಗೊತ್ತಿಲ್ಲ. ಸದ್ದಿಲ್ಲದೆ ಮುಗಿಯಲಿ ಅಂತ ಅಮ್ಮನ ಆಸೆ.

ಸ್ಯಾನ್‌ಹೋಸೆ ಸುಬ್ಬು

ಮೊದಲು ಆ ಸೈಟ್ ಮುಚ್ಚಿ. ಅವರು ಕೊಡುವುದು ಅಲ್ಲಿ ಇಲ್ಲಿ ಗುಡ್ಡೆ ಹಾಕಿದ ಮಾಹಿತಿಯ ಪಟ್ಟಿ. ಹೆಸರು, ಹಳೆಯ ವಿಳಾಸ, ಕೇಸ್ ಹಾಕಿದ ವರ್ಷ, ಅಷ್ಟೇ. ಕೋರ್ಟಿನ ಸೀಲು ಅವರ ಕೈಯಲ್ಲಿ ಎಲ್ಲಿಂದ ಬರಬೇಕು? ಜೊತೆಗೆ ತಿಂಗಳು ತಿಂಗಳು ಕಾರ್ಡಿನಿಂದ ದುಡ್ಡು ಕಟ್ ಆಗುತ್ತಲೇ ಇರುತ್ತದೆ.

ಡಿವೋರ್ಸ್ ಯಾವ ಕೌಂಟಿಯಲ್ಲಿ ಫೈಲ್ ಆಯಿತೋ ಆ ಕೌಂಟಿಯ ಸುಪೀರಿಯರ್ ಕೋರ್ಟಿನಲ್ಲೇ ಕಡತ ಇರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 58 ಕೌಂಟಿ, ಒಂದೊಂದಕ್ಕೂ ಒಂದು ಸುಪೀರಿಯರ್ ಕೋರ್ಟ್. ನಿಮ್ಮದು 2015ರಲ್ಲಿ ಹಳೆಯ ಕಟ್ಟಡದಲ್ಲಿ ನಡೆದಿರಬೇಕು. 2016ರಲ್ಲಿ ಸ್ಯಾನ್‌ಹೋಸೆ ನಾರ್ತ್ ಫಸ್ಟ್ ಸ್ಟ್ರೀಟ್‌ನಲ್ಲಿ ಫ್ಯಾಮಿಲಿ ಜಸ್ಟಿಸ್ ಸೆಂಟರ್ ಶುರುವಾಯಿತು. ಈಗ ವಿಚಾರಿಸಬೇಕಾದ್ದು ಅಲ್ಲಿ.

ನಿಮಗೆ ಬೇಕಾದ ಕಾಗದದ ಹೆಸರು "ಜಡ್ಜ್‌ಮೆಂಟ್", ಫಾರಂ ನಂಬರ್ ಎಫ್‌ಎಲ್-180. ಎಫ್‌ಎಲ್-190 ಅಂತ ಇನ್ನೊಂದು ಪುಟ ಇರುತ್ತದೆ, ತೀರ್ಪು ದಾಖಲಾಯಿತು ಅಂತ ಕೋರ್ಟು ಕಳಿಸುವ ತಿಳಿವಳಿಕೆ ಪತ್ರ. ಎಷ್ಟೋ ಜನ ಅದನ್ನೇ ತೀರ್ಪು ಅಂದುಕೊಂಡು ಹತ್ತು ವರ್ಷ ಜೋಪಾನವಾಗಿ ಇಟ್ಟುಕೊಂಡಿರುತ್ತಾರೆ. ಅದು ತೀರ್ಪಲ್ಲ.

ಡಿವೋರ್ಸ್ ತೀರ್ಪನ್ನು ಸರ್ಟಿಫೈ ಮಾಡಲು 15 ಡಾಲರ್, ಕಾಪಿಗೆ ಪುಟಕ್ಕೆ 50 ಸೆಂಟ್. ನೀವೇ ಬರಬೇಕಾಗಿಲ್ಲ. ಇಲ್ಲಿ ಡಿವೋರ್ಸ್ ತೀರ್ಪು ಸಾರ್ವಜನಿಕ ದಾಖಲೆ, ಕೋರ್ಟು ಸೀಲ್ ಮಾಡಿ ಮುಚ್ಚಿಟ್ಟಿಲ್ಲದಿದ್ದರೆ ನಿಮ್ಮ ಪರವಾಗಿ ಗೆಳತಿ ಹೋಗಿ ಕೇಳಿದರೂ ಕೊಡುತ್ತಾರೆ.

ಡಲ್ಲಾಸ್ ದೋಸೆ

ಇಷ್ಟೆಲ್ಲ ಯಾಕೆ? ರಾಜ್ಯದ ಆರೋಗ್ಯ ಇಲಾಖೆಗೆ ಬರೆದರೆ ಬರುತ್ತದಲ್ಲ. ಜನನ ಪ್ರಮಾಣಪತ್ರ ಕೊಡುವವರೇ ಇದನ್ನೂ ಕೊಡುತ್ತಾರೆ. ಟೆಕ್ಸಾಸ್‌ನಲ್ಲಿ ನಾನು 20 ಡಾಲರ್ ಕಟ್ಟಿ ತರಿಸಿಕೊಂಡಿದ್ದೆ.

ಸ್ಯಾನ್‌ಹೋಸೆ ಸುಬ್ಬು

ದೋಸೆಯವರೇ, ಕ್ಯಾಲಿಫೋರ್ನಿಯಾದಲ್ಲಿ ಅದು ನಡೆಯುವುದಿಲ್ಲ. ರಾಜ್ಯದ ಇಲಾಖೆಯ ಬಳಿ ಇರುವುದು 1962ರಿಂದ 1984ರ ಜೂನ್‌ವರೆಗಿನ ಡಿವೋರ್ಸ್‌ಗಳ ದಾಖಲೆ ಮಾತ್ರ. ಅದರಲ್ಲೂ ಅವರು ಕೊಡುವುದು ಹೆಸರು, ದಿನಾಂಕ, ಕೌಂಟಿ, ಕೇಸ್ ನಂಬರ್ ಇರುವ ಒಂದು ಪತ್ರ. ತೀರ್ಪು ಅಲ್ಲ.

ನೀವು ತರಿಸಿದ್ದೂ "ವೆರಿಫಿಕೇಶನ್ ಲೆಟರ್" ಇರಬೇಕು. ಕೆಲಸಕ್ಕೆ ಬಂತಾ?

ಡಲ್ಲಾಸ್ ದೋಸೆ

ಬರಲಿಲ್ಲ 😀 ಅದನ್ನು ಹೇಳದೆ ತಪ್ಪಿಸಿಕೊಳ್ಳೋಣ ಅಂತಿದ್ದೆ.

ಕಥೆ ಹೇಳಿಬಿಡುತ್ತೇನೆ. ನನ್ನ ಈಗಿನ ಹೆಂಡತಿಗೆ ಐ-130, ಅಂದರೆ ಗ್ರೀನ್ ಕಾರ್ಡಿಗಾಗಿ ಕೊಡುವ ಅರ್ಜಿ, ಹಾಕುವಾಗ ಹಿಂದಿನ ಮದುವೆ ಮುಗಿದದ್ದಕ್ಕೆ ದಾಖಲೆ ಬೇಕಿತ್ತು. ಈ ಪತ್ರ ತರಿಸಿದೆ. "ಇಂಥವರ ಡಿವೋರ್ಸ್ ಇಂಥ ಕೌಂಟಿಯಲ್ಲಿ ಆಗಿದೆ ಅಂತ ನಮ್ಮ ಇಂಡೆಕ್ಸ್‌ನಲ್ಲಿದೆ" ಅಂತ ನಾಲ್ಕು ಸಾಲು. ನಮ್ಮ ಇಮಿಗ್ರೇಶನ್ ಲಾಯರಮ್ಮ ನೋಡಿ ನಕ್ಕುಬಿಟ್ಟರು. "ಇದು ಕೇಸ್ ಎಲ್ಲಿದೆ ಅಂತ ಹುಡುಕೋಕೆ ಸರಿ, ತೀರ್ಪು ತನ್ನಿ" ಅಂದರು.

ಆಮೇಲೆ ಕೌಂಟಿ ಕ್ಲರ್ಕ್ ಆಫೀಸಿಗೆ ಹೋದೆ. ನಂಬರ್ ತಗೊಂಡು ಮುಕ್ಕಾಲು ಗಂಟೆ ಕೂತೆ. ನನ್ನ ಸರದಿ ಬಂದಾಗ "ಇಲ್ಲಿ ಮದುವೆ ಲೈಸೆನ್ಸ್ ಕೊಡುತ್ತೇವೆ, ಡಿವೋರ್ಸ್ ಬೇಕಾದರೆ ಡಿಸ್ಟ್ರಿಕ್ಟ್ ಕ್ಲರ್ಕ್" ಅಂದರು. ಕಟ್ಟುವುದು ಒಂದು ಕಡೆ, ಬಿಚ್ಚುವುದು ಇನ್ನೊಂದು ಕಡೆ. ಟೆಕ್ಸಾಸ್‌ನವರು ನೆನಪಿಟ್ಟುಕೊಳ್ಳಿ: ಡಿವೋರ್ಸ್ ಡಿಕ್ರಿ ಇರುವುದು ಡಿಸ್ಟ್ರಿಕ್ಟ್ ಕ್ಲರ್ಕ್ ಹತ್ತಿರ.

ಎಡಿಸನ್ ಅಕ್ಕ

ನ್ಯೂಜೆರ್ಸಿ ಪದ್ಧತಿಯನ್ನೂ ಸೇರಿಸುತ್ತೇನೆ, ಯಾರಿಗಾದರೂ ಬೇಕಾಗಬಹುದು. ಇಲ್ಲಿ "ಗೋಲ್ಡ್ ಸೀಲ್" ಅಂತ ಕೇಳಬೇಕು. ಸುಮ್ನೆ ಕಾಪಿ ಅಂದರೆ ಸುಮ್ನೆ ಕಾಪಿಯೇ ಕೊಡುತ್ತಾರೆ. ಡಿವೋರ್ಸ್ ಕೇಸಿನ ನಂಬರ್ ಎಫ್‌ಎಂ ಅಂತ ಶುರುವಾಗುತ್ತದೆ.

ನದಿ ದಾಟಿ ನ್ಯೂಯಾರ್ಕ್‌ಗೆ ಹೋದರೆ ಪೂರ್ತಿ ಉಲ್ಟಾ. ಅಲ್ಲಿ ಡಿವೋರ್ಸ್ ಕಡತ 100 ವರ್ಷ ಗುಪ್ತ. ಗಂಡ, ಹೆಂಡತಿ, ಅವರ ವಕೀಲರು ಅಥವಾ ಕೋರ್ಟ್ ಆರ್ಡರ್ ಇರುವವರು, ಅಷ್ಟೇ. ಸುಬ್ಬು ಹೇಳಿದ ಹಾಗೆ ಗೆಳತಿಯನ್ನು ಬರಿಗೈಲಿ ಕಳಿಸಿದರೆ ಆಗುವುದಿಲ್ಲ, ನೋಟರಿ ಆದ ಅನುಮತಿ ಪತ್ರ ಬೇಕು. ಇನ್ನೊಂದು ತಮಾಷೆ, ಅಲ್ಲಿ ಡಿವೋರ್ಸ್ ಕೊಡುವ ಕೋರ್ಟಿನ ಹೆಸರು "ಸುಪ್ರೀಂ ಕೋರ್ಟ್". ನಮ್ಮ ಅಣ್ಣನ ಮಗನ ಡಿವೋರ್ಸ್ ಕಾಗದ ನೋಡಿ ಶಿವಮೊಗ್ಗದಲ್ಲಿ ನಮ್ಮ ಭಾವ, "ಅಯ್ಯೋ, ಸುಪ್ರೀಂ ಕೋರ್ಟಿನವರೆಗೂ ಹೋಗಿದ್ರಾ!" ಅಂತ ಎರಡು ದಿನ ಊಟ ಬಿಟ್ಟಿದ್ದರು. ಅಲ್ಲಿ ಅದು ಕೆಳಹಂತದ ಕೋರ್ಟ್. ಕಾಪಿ ಕೊಡುವುದು ಆ ಕೌಂಟಿಯ ಕ್ಲರ್ಕ್.

ಹಾಸನದವಳು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸುಬ್ಬು ಅಣ್ಣ, ಕೋರ್ಟಿನ ವೆಬ್‌ಸೈಟಲ್ಲಿ ನನ್ನ ಹೆಸರು ಹಾಕಿ ಹುಡುಕಿದೆ. ಏನೂ ಬರಲಿಲ್ಲ. ಹೆಸರು, ಅಪ್ಪನ ಹೆಸರು, ಊರಿನ ಹೆಸರು, ಹಿಂದೆ ಮುಂದೆ ಮಾಡಿ ಎಲ್ಲ ನೋಡಿದೆ. ಫೈಲೇ ಇಲ್ಲವಾ ಅಂತ ಹೆದರಿಕೆ ಆಗುತ್ತಿದೆ.

ಸ್ಯಾನ್‌ಹೋಸೆ ಸುಬ್ಬು

ಆಗಿನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇತ್ತಾ?

ಹಾಸನದವಳು

ಹೌದು. ನಮ್ಮ ಮನೆಯಲ್ಲಿ ಯಾರಿಗೂ ಸರ್‌ನೇಮ್ ಇಲ್ಲ, ಇನಿಷಿಯಲ್ ಮಾತ್ರ.

ಸ್ಯಾನ್‌ಹೋಸೆ ಸುಬ್ಬು

ಹಾಗಾದರೆ ಮೊದಲ ಹೆಸರಿನ ಜಾಗದಲ್ಲಿ "ಎಫ್‌ಎನ್‌ಯು" ಹಾಕಿ, ನಿಮ್ಮ ಹೆಸರನ್ನು ಸರ್‌ನೇಮ್ ಜಾಗದಲ್ಲಿ ಹಾಕಿ ನೋಡಿ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಇಲ್ಲದಿದ್ದರೆ ಅಮೆರಿಕದ ವೀಸಾದಲ್ಲಿ ಇದ್ದ ಹೆಸರನ್ನೇ ಸರ್‌ನೇಮ್ ಮಾಡಿ, ಮೊದಲ ಹೆಸರು ಗೊತ್ತಿಲ್ಲ ಅನ್ನುವುದಕ್ಕೆ ಆ ಮೂರು ಅಕ್ಷರ ಹಾಕುತ್ತಾರೆ. ಡ್ರೈವಿಂಗ್ ಲೈಸೆನ್ಸು, ಬ್ಯಾಂಕು, ಕೋರ್ಟು ಎಲ್ಲ ಕಡೆ ಅದೇ ಅಂಟಿಕೊಂಡು ಬಂದಿರುತ್ತದೆ. ನಮ್ಮ ಹಳೆ ಆಫೀಸಿನಲ್ಲಿ ಎಫ್‌ಎನ್‌ಯು ಅಂತಲೇ ನಾಲ್ಕು ಜನ ಕನ್ನಡದವರಿದ್ದರು.

ಅದೂ ಬರದಿದ್ದರೆ ಹಿಂದಿನ ಯಜಮಾನರ ಹೆಸರಲ್ಲಿ ಹುಡುಕಿ. ಕೇಸ್ ಯಾರು ಹಾಕಿದ್ದರೂ ಇಬ್ಬರ ಹೆಸರಲ್ಲೂ ಸಿಗಬೇಕು.

ಹಾಸನದವಳು

ಸಿಕ್ಕಿತು!! ಎಫ್‌ಎನ್‌ಯು! ಎಷ್ಟೋ ವರ್ಷ ಆ ಹೆಸರಲ್ಲೇ ಓಡಾಡಿದ್ದೆ, ಮರೆತೇ ಹೋಗಿತ್ತು. ಆದರೆ ಕೇಸ್ ನಂಬರ್, ಯಾವ ದಿನ ಏನು ಫೈಲ್ ಆಯಿತು ಅನ್ನುವ ಪಟ್ಟಿ ಮಾತ್ರ ಕಾಣುತ್ತದೆ. ಕಾಗದ ತೆರೆಯುವುದಿಲ್ಲ.

ಸ್ಯಾನ್‌ಹೋಸೆ ಸುಬ್ಬು

ಅದು ಹಾಗೇ. ಕೌಟುಂಬಿಕ ಕೇಸುಗಳ ಕಾಗದವನ್ನು ಸಾರ್ವಜನಿಕರು ಮನೆಯಿಂದ ಇಂಟರ್ನೆಟ್‌ನಲ್ಲಿ ನೋಡುವ ಹಾಗಿಲ್ಲ ಅಂತ ಕ್ಯಾಲಿಫೋರ್ನಿಯಾ ಕೋರ್ಟುಗಳ ನಿಯಮ. ಕೋರ್ಟಿಗೆ ಹೋಗಿ ಅಲ್ಲಿನ ಕಂಪ್ಯೂಟರಲ್ಲಿ ನೋಡಬಹುದು. ನಂಬರ್ ಸಿಕ್ಕಿತಲ್ಲ, ಮುಕ್ಕಾಲು ಕೆಲಸ ಆಯಿತು.

ಮೈಸೂರು ಮಾವ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ ತಂಗಿ ಮಗಳಿಗೆ ಒಂದು ಸಂಬಂಧ ಬಂದಿದೆ. ಹುಡುಗ ಫ್ರೀಮಾಂಟ್‌ನಲ್ಲಿದ್ದಾನೆ. ಒಂದು ಮದುವೆ ಆಗಿ ಡಿವೋರ್ಸ್ ಆಗಿದೆ ಅಂತ ಅವರೇ ಹೇಳಿದ್ದಾರೆ. ಪೂರ್ತಿ ಆಗಿದೆಯೋ ಇಲ್ಲವೋ ನಾವು ಇಲ್ಲಿಂದಲೇ ನೋಡಬಹುದಾ? ಅಮೆರಿಕದ ಎಲ್ಲ ಡಿವೋರ್ಸ್ ಒಂದೇ ಕಡೆ ಸಿಗುವ ಸರ್ಕಾರಿ ವೆಬ್‌ಸೈಟ್ ಇದೆಯಾ?

ಡಲ್ಲಾಸ್ ದೋಸೆ

ಒಂದೇ ಕಡೆ ಇಲ್ಲ ಸರ್. ಡಿವೋರ್ಸ್ ಕೇಂದ್ರ ಸರ್ಕಾರದ ಕೋರ್ಟುಗಳಿಗೆ ಬರುವುದೇ ಇಲ್ಲ, ರಾಜ್ಯದ ಕೋರ್ಟುಗಳದ್ದು. ಹಾಗಾಗಿ ಕೌಂಟಿ ಗೊತ್ತಿಲ್ಲದೆ ಹುಡುಕುವುದು ಅಂದರೆ ಜಾತ್ರೆಯಲ್ಲಿ ಮಗು ಹುಡುಕಿದ ಹಾಗೆ.

ಸ್ಯಾನ್‌ಹೋಸೆ ಸುಬ್ಬು

ಫ್ರೀಮಾಂಟ್ ಇರುವುದು ಅಲಮೀಡಾ ಕೌಂಟಿಯಲ್ಲಿ. ಆದರೆ ಹುಡುಗ ಈಗ ಅಲ್ಲಿದ್ದಾನೆ ಅಂದ ಮಾತ್ರಕ್ಕೆ ಕೇಸ್ ಅಲ್ಲೇ ಅಂತಲ್ಲ. ಕೇಸ್ ಹಾಕುವ ಹೊತ್ತಿಗೆ ಗಂಡ ಹೆಂಡತಿಯಲ್ಲಿ ಒಬ್ಬರಾದರೂ 6 ತಿಂಗಳು ರಾಜ್ಯದಲ್ಲಿ, 3 ತಿಂಗಳು ಆ ಕೌಂಟಿಯಲ್ಲಿ ವಾಸ ಇದ್ದಿರಬೇಕು. ಅವನ ಮೊದಲ ಹೆಂಡತಿ ಸ್ಯಾನ್ ಡಿಯಾಗೋದಲ್ಲಿ ಇದ್ದು ಅಲ್ಲಿ ಹಾಕಿದ್ದರೆ ಕಡತ ಅಲ್ಲಿ.

ಮಾವ, ಒಂದು ಸೂಕ್ಷ್ಮ ಇದೆ. "ಕೇಸ್ ಫೈಲ್ ಆಗಿದೆ" ಬೇರೆ, "ಡಿವೋರ್ಸ್ ಆಗಿದೆ" ಬೇರೆ. ಇಲ್ಲಿ ನೋಟಿಸ್ ಮುಟ್ಟಿದ ಮೇಲೆ ಕಡಿಮೆ ಅಂದರೂ 6 ತಿಂಗಳು ಕಾಯಬೇಕು. ತೀರ್ಪಿಗೆ ಸಹಿ ಬಿದ್ದ ದಿನಾಂಕ ಒಂದಿರುತ್ತದೆ, ಮದುವೆ ಕಾನೂನಿನ ಪ್ರಕಾರ ಮುಗಿಯುವ ದಿನಾಂಕ ಇನ್ನೊಂದಿರಬಹುದು. ಎಫ್‌ಎಲ್-180ರ ಮೊದಲ ಪುಟದಲ್ಲೇ ಆ ಎರಡನೆಯ ದಿನಾಂಕಕ್ಕೆ ಜಾಗ ಇದೆ. ನಿಮ್ಮ ಕಣ್ಣು ಅಲ್ಲಿರಲಿ. ನನ್ನ ರೂಮ್‌ಮೇಟ್ ಒಬ್ಬ ಸಹಿ ದಿನಾಂಕ ನೋಡಿ ಛತ್ರ ಬುಕ್ ಮಾಡಿಬಿಟ್ಟಿದ್ದ. ಹಳೆ ಮದುವೆ ಮುಗಿಯಲು ಇನ್ನೂ 19 ದಿನ ಬಾಕಿ. ಅಡ್ವಾನ್ಸ್ ಹೋಯಿತು.

ಎಡಿಸನ್ ಅಕ್ಕ

ಮಾವನವರೇ, ನನ್ನ ಮಾತು ಕೇಳಿ. ಪತ್ತೇದಾರಿಕೆ ಬೇಡ. "ತೀರ್ಪಿನ ಸರ್ಟಿಫೈಡ್ ಕಾಪಿ ಕಳಿಸಪ್ಪ" ಅಂತ ಹುಡುಗನನ್ನೇ ಕೇಳಿ. ಮುಗಿದಿದ್ದರೆ ಕಾಗದ ಬರುತ್ತದೆ. ಬರದೆ ಬರೀ ಮಾತು ಬಂದರೆ ಆಗ ಯೋಚನೆ ಮಾಡಿ.

ಮೈಸೂರು ಮಾವ

ಕೇಳಿದರೆ ಅವರಿಗೆ ಬೇಜಾರಾಗುತ್ತದೇನೋ ಅಂತ ಅನುಮಾನ.

ಎಡಿಸನ್ ಅಕ್ಕ

ಜಾತಕ ಕೇಳುವಾಗ ಬೇಜಾರಾಗಲಿಲ್ಲವಲ್ಲ!

ಗಾಂಧಿನಗರ ವಕೀಲ

ಈಗ ನೋಡಿದೆ. ಹಾಸನದ ಮೇಡಂಗೆ ಎರಡು ಮಾತು.

ನಿಮ್ಮ ಗುಮಾಸ್ತರು ಜೆರಾಕ್ಸ್ ಬೇಡ ಅಂದದ್ದು ತರಲೆ ಅಲ್ಲ. ಇದೇ ವಿಷಯದಲ್ಲಿ 1991ರಲ್ಲಿ ನಮ್ಮ ಸುಪ್ರೀಂ ಕೋರ್ಟಿನ ತೀರ್ಪು ಇದೆ. 1975ರಲ್ಲಿ ತಿರುಪತಿಯಲ್ಲಿ ಮದುವೆ ಆದ ಜೋಡಿ. ಗಂಡ ಅಮೆರಿಕದ ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ಕೌಂಟಿಯ ಸರ್ಕ್ಯೂಟ್ ಕೋರ್ಟಿನಲ್ಲಿ ಡಿವೋರ್ಸ್ ತಗೊಂಡು ಇನ್ನೊಂದು ಮದುವೆಯಾದ. ಹೆಂಡತಿ ಇಲ್ಲಿ ದ್ವಿಪತ್ನಿತ್ವದ ಕೇಸ್ ಹಾಕಿದಳು. ಅವನು ತೋರಿಸಿದ್ದು ತೀರ್ಪಿನ ಫೋಟೋಸ್ಟಾಟ್. ಸರಿಯಾಗಿ ದೃಢೀಕರಿಸದ ಫೋಟೋಸ್ಟಾಟ್ ಪುರಾವೆ ಆಗುವುದಿಲ್ಲ ಅಂತ ಕೋರ್ಟು ಹೇಳಿತು.

ಅದೇ ತೀರ್ಪಿನಲ್ಲಿ ಇನ್ನೂ ದೊಡ್ಡ ವಿಷಯ ಇದೆ. ವಿದೇಶಿ ಕೋರ್ಟಿನ ಡಿವೋರ್ಸ್ ಇಲ್ಲಿ ನಿಲ್ಲಬೇಕಾದರೆ ಯಾವ ಕಾನೂನಿನಡಿ ಮದುವೆ ಆಗಿತ್ತೋ ಅದು ಒಪ್ಪುವ ಕಾರಣ ಇರಬೇಕು, ಎದುರು ಪಕ್ಷ ಸ್ವಇಚ್ಛೆಯಿಂದ ಹಾಜರಾಗಿರಬೇಕು, ಅಥವಾ ಡಿವೋರ್ಸ್‌ಗೆ ಒಪ್ಪಿರಬೇಕು. ಇಬ್ಬರೂ ಒಪ್ಪಿದ್ದೀರಿ ಅಂದಿರಿ. ಆ ಒಪ್ಪಿಗೆ ಕಾಗದದ ಮೇಲೆ ಕಾಣುವ ಹಾಗೆ ಇಬ್ಬರ ಸಹಿಯ ಒಪ್ಪಂದವೂ ಸೇರಿ ಪೂರ್ತಿ ತೀರ್ಪು ತರಿಸಿ. ದುಡ್ಡು ಉಳಿಸಲು ಬರೀ ಮೊದಲ ಎರಡು ಪುಟ ತರಿಸಬೇಡಿ.

ತಂದ ಕಾಪಿಗೆ ಅಪೋಸ್ಟಿಲ್ ಮಾಡಿಸಿ, ಅಂದರೆ ಅದರ ಸಹಿ, ಸೀಲು ಅಸಲಿ ಅಂತ ಬೇರೆ ದೇಶದವರು ಒಪ್ಪುವ ಹಾಗೆ ಅಲ್ಲಿನ ಸರ್ಕಾರ ಲಗತ್ತಿಸುವ ದೃಢೀಕರಣ ಪತ್ರ. ಭಾರತ 2005ರಲ್ಲಿ ಅಪೋಸ್ಟಿಲ್‌ನ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸೇರಿದೆ, ಅಮೆರಿಕವೂ ಸದಸ್ಯ. ಆದರೆ ನಿಮ್ಮ ಸಬ್ ರಿಜಿಸ್ಟ್ರಾರ್ ನಿಖರವಾಗಿ ಏನು ಕೇಳುತ್ತಾರೆ ಅನ್ನುವುದನ್ನು ಈಗಲೇ ಹೋಗಿ ಕೇಳಿ ಬರೆದುಕೊಳ್ಳಿ. ಎರಡು ಕಾಪಿ ತರಿಸಿ. ಒಂದು ಅವರಿಗೆ, ಒಂದು ನಿಮ್ಮ ಬೀರುವಿಗೆ.

ಹಾಸನದವಳು

ಒಪ್ಪಂದದಲ್ಲಿ ದುಡ್ಡಿನ ಲೆಕ್ಕ, ಮನೆ ಸಾಮಾನಿನ ಪಟ್ಟಿ ಎಲ್ಲ ಇದೆ ಸರ್. ಕುಕ್ಕರ್ ಯಾರಿಗೆ, ಸೋಫಾ ಯಾರಿಗೆ ಅಂತ. ಅದನ್ನು ಗುಮಾಸ್ತರ ಕೈಗೆ ಕೊಡಬೇಕಾ?

ಗಾಂಧಿನಗರ ವಕೀಲ

ಕೊಡಿ. ಅವರು ಕುಕ್ಕರ್ ಪುಟದವರೆಗೆ ಹೋಗುವುದಿಲ್ಲ.

ಸ್ಯಾನ್‌ಹೋಸೆ ಸುಬ್ಬು

ಅಪೋಸ್ಟಿಲ್ ಕೊಡುವುದು ಕ್ಯಾಲಿಫೋರ್ನಿಯಾದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿ. ಕೋರ್ಟಿನ ಕೆಲಸ ಅಲ್ಲ. ಸ್ಯಾಕ್ರಮೆಂಟೋ, ಲಾಸ್ ಏಂಜಲೀಸ್ ಎರಡೂ ಕಡೆ ಕೌಂಟರ್ ಇದೆ, ಅಂಚೆಯಲ್ಲಾದರೆ ಸ್ಯಾಕ್ರಮೆಂಟೋಗೆ. ಒಂದಕ್ಕೆ 20 ಡಾಲರ್, ನೇರ ಹೋದರೆ ಮೇಲೆ 6 ಡಾಲರ್. ಅವರು ನೋಡುವುದು ಕಾಪಿಗೆ ಸಹಿ ಹಾಕಿದ ಕೋರ್ಟಿನ ಅಧಿಕಾರಿಯ ಸಹಿ ತಮ್ಮ ದಾಖಲೆಯಲ್ಲಿ ಇದೆಯಾ ಅಂತ. ಅದಕ್ಕೇ ಕೋರ್ಟಿನ ಕಿಟಕಿಯಲ್ಲಿ ಮೊದಲೇ "ಅಪೋಸ್ಟಿಲ್‌ಗೆ, ಇಂಡಿಯಾಗೆ" ಅಂತ ಹೇಳಿಬಿಡಬೇಕು.

ಕೋರ್ಟಿಗೂ ಅಂಚೆಯಲ್ಲಿ ಅರ್ಜಿ ಹಾಕಬಹುದು, ಆದರೆ ಅಮೆರಿಕದ ಬ್ಯಾಂಕಿನ ಚೆಕ್ ಬೇಕು, ಅಲ್ಲಿನ ಸ್ಟಾಂಪ್ ಹಚ್ಚಿದ ಲಕೋಟೆ ಬೇಕು. ಬೆಂಗಳೂರಲ್ಲಿ ಕೂತು ಎರಡೂ ಕಷ್ಟ. ಇಲ್ಲಿ ಯಾರಾದರೂ ಇದ್ದರೆ ಅವರನ್ನೇ ಕಳಿಸಿ. ಯಾರೂ ಇಲ್ಲದಿದ್ದರೆ ಹೇಳಿ, ನಾನು ಹೋಗುತ್ತೇನೆ, ಆಫೀಸಿನಿಂದ ಹತ್ತು ನಿಮಿಷ.

ಜಯನಗರದ ಅತ್ತೆ

ಒಂದೇ ಒಂದು ಮಾತು. ಪಿನ್ ತೆಗೆಯಬೇಡಿ.

ನನ್ನ ಮಗನ ಡಿವೋರ್ಸ್ ಕಾಗದ ಅಮೆರಿಕದಿಂದ ಬಂತು. ಮೂಲೆಯಲ್ಲಿ ದಪ್ಪ ಸ್ಟೇಪಲ್ ಪಿನ್, ಕೊನೆ ಪುಟದಲ್ಲಿ ಕೈ ಹಾಕಿದರೆ ಉಬ್ಬು ತಗಲುವ ಸೀಲು. ಒಂದು ಸೆಟ್ ಜೆರಾಕ್ಸ್ ಇರಲಿ ಅಂತ ಬೀದಿ ಕೊನೆಯ ಅಂಗಡಿಗೆ ಕೊಟ್ಟೆ. ನಾನು ಚಿಲ್ಲರೆ ಹುಡುಕುವಷ್ಟರಲ್ಲಿ ಆ ಹುಡುಗ ಟಕ್ ಅಂತ ಪಿನ್ ಕಿತ್ತು, ಪುಟಗಳನ್ನು ಬಿಡಿಸಿ ಮೆಷಿನ್ನಿಗೆ ಹಾಕಿಬಿಟ್ಟ. ಆಮೇಲೆ ಅಚ್ಚುಕಟ್ಟಾಗಿ ಹೊಸ ಪಿನ್ ಹೊಡೆದೂ ಕೊಟ್ಟ, ಪಾಪ. ಕಾಗದ ತೋರಿಸಿದ ಕಡೆ ಅವರು ಮೂಲೆಯ ನಾಲ್ಕು ತೂತು ಎಣಿಸಿ, "ಪುಟ ಬದಲಾಯಿಸಿಲ್ಲ ಅಂತ ಏನು ಗ್ಯಾರಂಟಿ?" ಅಂದರು. ಮಗ ಮತ್ತೆ ರಜೆ ಹಾಕಿ ಕೋರ್ಟಿಗೆ ಹೋದ.

ಫೋನಿನಲ್ಲಿ ಫೋಟೋ ಹೊಡೆದುಕೊಳ್ಳಿ. ಪಿನ್ ಮಾತ್ರ ಮುಟ್ಟಬೇಡಿ.

ಹಾಸನದವಳು

ಐದು ವಾರ ಆಯಿತು, ಬಂದು ಹೇಳಬೇಕು ಅನ್ನಿಸಿತು.

ನನ್ನ ಹಳೆಯ ಸಹೋದ್ಯೋಗಿ ಒಬ್ಬಳು ಕೋರ್ಟಿಗೆ ಹೋದಳು. ಅವಳನ್ನು ಯಾರು ಏನು ಅಂತ ಕೇಳಲೇ ಇಲ್ಲವಂತೆ, ಕೇಸ್ ನಂಬರ್ ಕೊಟ್ಟಳು ಅಷ್ಟೇ. 23 ಪುಟ. ಒಂದು ಸೆಟ್‌ಗೆ 15 ಡಾಲರ್, ಪುಟಗಳಿಗೆ 11 ಡಾಲರ್ 50 ಸೆಂಟ್. ಎರಡು ಸೆಟ್‌ಗೆ 53 ಡಾಲರ್. ಅಪೋಸ್ಟಿಲ್‌ಗೆ ಅಂಚೆಯಲ್ಲಿ ಕಳಿಸಿದಳು, ಅದು 40. ಕೊರಿಯರ್ ದುಡ್ಡೇ ಎಲ್ಲಕ್ಕಿಂತ ಜಾಸ್ತಿ ಆಯಿತು!

ಲಕೋಟೆ ಬಂದಾಗ ಅಮ್ಮ ಅರಿಶಿನ ಕುಂಕುಮ ಹಚ್ಚಲು ಹೊರಟಿದ್ದರು, ಬೇಡ ಅಂತ ತಡೆದೆ. ಜಯನಗರದ ಅತ್ತೆ, ನಿಮ್ಮ ಹೆಸರು ಹೇಳಿ ಪಿನ್ ಮೇಲೆ ಹಳದಿ ಚೀಟಿ ಅಂಟಿಸಿದ್ದೆ.

ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಅದೇ ಗುಮಾಸ್ತರು. ಅಪೋಸ್ಟಿಲ್ ಪುಟ ನೋಡಿದರು, ಹಿಂದೆ ತಿರುಗಿಸಿದರು, ಸೀಲಿನ ಮೇಲೆ ಹೆಬ್ಬೆರಳು ಆಡಿಸಿದರು. ಮದುವೆ ಮುಗಿದ ದಿನಾಂಕ ಎಲ್ಲಿದೆ ಅಂತ ಕೇಳಿದರು, ತೋರಿಸಿದೆ. ಕುಕ್ಕರ್ ಪುಟಕ್ಕೆ ಹೋಗಲಿಲ್ಲ, ವಕೀಲರು ಹೇಳಿದ ಹಾಗೇ. ಅರ್ಜಿ ತಗೊಂಡರು.

ಎಡಿಸನ್ ಅಕ್ಕ

ತುಂಬಾ ಸಂತೋಷ ಕಣಮ್ಮ. ಮದುವೆ ಯಾವತ್ತು?

ಹಾಸನದವಳು

30 ದಿನ ಆಗಬೇಕು ಅಕ್ಕ. ಸ್ಪೆಷಲ್ ಮ್ಯಾರೇಜ್ ಆಕ್ಟ್ ಪ್ರಕಾರ ನೋಟಿಸನ್ನು ಆಫೀಸಿನ ಬೋರ್ಡಿಗೆ ಹಚ್ಚುತ್ತಾರೆ, ಯಾರಾದರೂ ಆಕ್ಷೇಪಣೆ ಹಾಕಬಹುದು ಅಂತ. ನನ್ನ ಹೆಸರು, ವಿಳಾಸ, ಹೆಸರಿನ ಮುಂದೆ "ವಿಚ್ಛೇದಿತೆ".

ಅಮ್ಮನಿಗೆ ಇದನ್ನು ಹೇಳಿರಲಿಲ್ಲ. ನಿನ್ನೆ ಸೈಟ್ ರಿಜಿಸ್ಟ್ರೇಶನ್‌ಗೆ ಅಂತ ಅದೇ ಆಫೀಸಿಗೆ ಬಂದಿದ್ದ ನಮ್ಮ ಚನ್ನರಾಯಪಟ್ಟಣದ ಚಿಕ್ಕಪ್ಪ ಬೋರ್ಡಿನ ಫೋಟೋ ತೆಗೆದು ಮನೆ ಗ್ರೂಪಿಗೆ ಹಾಕಿದ್ದಾರೆ. ಕೆಳಗೆ "ಊಟಕ್ಕೆ ಕರೀತೀರೋ ಇಲ್ವೋ?" ಅಂತ ಬರೆದಿದ್ದಾರೆ. ಅಮ್ಮ ಇನ್ನೂ ಉತ್ತರ ಟೈಪ್ ಮಾಡುತ್ತಿದ್ದಾರೆ.